ಮೊದಲ ಡ್ರಿಪ್ಪರ್ ಕೊಳ್ಳುವ ಮುನ್ನ: ತೆಂಗಿನ ಸೀಮೆಯವರಿಗೆ ಒಂದು ಕಾಫಿ ಪಾಠ

ತಿಪಟೂರಿನಿಂದ ಬಿ.ಎಚ್. ರಸ್ತೆ ಹಿಡಿದು ಅರಸೀಕೆರೆ, ಕಡೂರು ದಾಟಿ ಎಡಕ್ಕೆ ತಿರುಗಿದರೆ ಚಿಕ್ಕಮಗಳೂರು. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ನಮ್ಮ ರಾಜ್ಯದ್ದೇ. ಅದರ ಬಹುಪಾಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತೆ. ಕಾಫಿ ತೋಟಕ್ಕೆ ಇಷ್ಟು ಹತ್ತಿರ ಇದ್ದೂ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ನಮ್ಮಲ್ಲಿ ಎಷ್ಟೋ ಜನ ಹಾಲು, ಸಕ್ಕರೆ, ಚಿಕೋರಿ ಬಿಟ್ಟು ಬರೀ ಕಾಫಿಯ ರುಚಿ ಹೇಗಿರುತ್ತೆ ಅಂತ ನೋಡಿಯೇ ಇಲ್ಲ.

ಈಗ ಹಾಸ್ಟೆಲುಗಳಲ್ಲಿ ಆ ಕುತೂಹಲ ಶುರುವಾಗಿದೆ. ಬೆಂಗಳೂರಿನ ಕೆಫೆಗಳಲ್ಲಿ ಪೋರ್-ಓವರ್ ಕುಡಿದು ಬಂದವರು ಕೇಳೋದು ಒಂದೇ ಪ್ರಶ್ನೆ: ‘ಯಾವ ಡ್ರಿಪ್ಪರ್ ತಗೊಳ್ಳೋಣ?’ ಆನ್‌ಲೈನಿನಲ್ಲಿ ಹುಡುಕಿದರೆ ಕೋನ್ ಅಂತೆ, ಚಪ್ಪಟೆ ತಳ ಅಂತೆ, ಪಿಂಗಾಣಿ, ಗಾಜು, ತಾಮ್ರ, ಸ್ಟೀಲು ಅಂತೆ. ಸಂತೆಯಲ್ಲಿ ಕಳೆದುಹೋದ ಹಾಗಾಗುತ್ತೆ. ಹಣ ಮನೆಯಿಂದ ಬರುವುದು. ಕೊಬ್ಬರಿ ದರ ಬಿದ್ದ ತಿಂಗಳು ಅದು ಎಷ್ಟು ಬಿಗಿ ಅನ್ನೋದು ಇಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಹಾಗಾಗಿ ಈ ಪಾಠದಲ್ಲಿ ನಾವು ಬ್ರ್ಯಾಂಡುಗಳ ಜಾತ್ರೆ ಮಾಡಲ್ಲ. ಡ್ರಿಪ್ಪರ್ ಒಳಗೆ ಏನು ನಡೆಯುತ್ತೆ ಅಂತ ಮೊದಲು ನೋಡೋಣ, ಆಯ್ಕೆ ಅದರ ಹಿಂದೆಯೇ ಬರುತ್ತೆ.

ಆತುರದವರಿಗೆ ಉತ್ತರ ಮೊದಲೇ ಹೇಳಿಬಿಡ್ತೀವಿ. ಹಾಲು ಹಾಕಿ ಕುಡಿಯುವವರು ಡ್ರಿಪ್ಪರ್ ಕೊಳ್ಳಲೇಬೇಡಿ. ಹಾಲಿಲ್ಲದೆ ಕುಡಿಯುವವರು ಪ್ಲಾಸ್ಟಿಕ್ಕಿನ, ಸಣ್ಣ ತೂತಿನ ಅಥವಾ ಚಪ್ಪಟೆ ತಳದ ಡ್ರಿಪ್ಪರಿನಿಂದ ಶುರು ಮಾಡಿ. ಉಳಿದ ದುಡ್ಡನ್ನು ಒಂದು ತಕ್ಕಡಿಗೆ, ಒಳ್ಳೆಯ ಬೀಜಕ್ಕೆ, ಆಮೇಲೆ ಸಾಧ್ಯವಾದರೆ ಕೈ ಗ್ರೈಂಡರಿಗೆ ಇಡಿ. ಯಾಕೆ ಅನ್ನೋದು ಮುಂದೆ.

ಹಾಲು ಹಾಕ್ತೀರಾ, ಇಲ್ವಾ?

ನಮ್ಮ ಮನೆಗಳ ಸ್ಟೀಲ್ ಫಿಲ್ಟರು ಕೂಡ ಗುರುತ್ವದಿಂದಲೇ ಕೆಲಸ ಮಾಡುವ ಯಂತ್ರ. ಮೇಲಿನ ಡಬ್ಬದಲ್ಲಿ ನುಣ್ಣನೆ ಪುಡಿ, ಅದನ್ನು ಒತ್ತಿ ಹಿಡಿಯುವ ಬಿಲ್ಲೆ, ಮೇಲೆ ಬಿಸಿನೀರು. ಹತ್ತು ಹದಿನೈದು ನಿಮಿಷ ತೊಟ್ಟು ತೊಟ್ಟಾಗಿ ಇಳಿದು ಗಟ್ಟಿ ಡಿಕಾಕ್ಷನ್ ಸಿಗುತ್ತೆ. ಹಾಲು ಬೆರೆಸಿದ ಮೇಲೂ ಕಾಫಿಯ ರುಚಿ ಎದ್ದು ನಿಲ್ಲಬೇಕು ಅಂದರೆ ಡಿಕಾಕ್ಷನ್ ಅಷ್ಟು ಗಟ್ಟಿಯಾಗಿಯೇ ಇರಬೇಕು. ಈ ಕೆಲಸಕ್ಕೆ ಅದಕ್ಕಿಂತ ಅಗ್ಗದ, ಅದಕ್ಕಿಂತ ಬಾಳಿಕೆಯ ಸಾಧನ ಇಲ್ಲ. ಅದಕ್ಕೆ ಪೇಪರಿನ ಖರ್ಚೂ ಇಲ್ಲ.

ಡ್ರಿಪ್ಪರಿನದು ಬೇರೆ ಗುರಿ. ಎರಡೂವರೆ ಮೂರು ನಿಮಿಷದಲ್ಲಿ, ಕುಡಿಯುವಷ್ಟೇ ಹದದ ತೆಳು ಕಾಫಿ ಇಳಿಸೋದು ಅದರ ಕೆಲಸ. ಅದಕ್ಕೆ ಹಾಲು ಸುರಿದರೆ ಹಾಲಿನ ರುಚಿ ಮಾತ್ರ ಉಳಿಯುತ್ತೆ. ಆದ್ದರಿಂದ ಇದು ಫಿಲ್ಟರಿಗಿಂತ ಮೇಲೋ ಕೀಳೋ ಅನ್ನುವ ಜಗಳವೇ ತಪ್ಪು. ಅಜ್ಜಿ ಮಾಡುವ ಬೆಲ್ಲದ ಕಾಫಿ ಒಂದು ದಾರಿ, ಅಮ್ಮನ ಡಿಕಾಕ್ಷನ್ ಇನ್ನೊಂದು, ಇದು ಮೂರನೆಯದು.

ನೂರು ವರ್ಷ ದಾಟಿದ ಕಥೆ

ಪುಡಿಯ ಮೇಲೆ ಕೈಯಾರೆ ಬಿಸಿನೀರು ಸುರಿದು ಪೇಪರಿನಲ್ಲಿ ಸೋಸುವ ಪದ್ಧತಿಗೆ 1908ರಲ್ಲಿ ದಾರಿ ಹಾಕಿದ್ದು ಜರ್ಮನಿಯ ಡ್ರೆಸ್ಡನ್ ನಗರದ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ. ಹಿತ್ತಾಳೆ ಪಾತ್ರೆಯ ತಳಕ್ಕೆ ತೂತು ಹೊಡೆದು, ಮಗನ ನೋಟ್‌ಬುಕ್ಕಿನ ಬ್ಲಾಟಿಂಗ್ ಪೇಪರ್ ಹಾಸಿ ಕಾಫಿ ಸೋಸಿದರು ಅಂತ ಹೇಳ್ತಾರೆ. ಕಾಫಿಯ ಚರಟ ಬಾಯಿಗೆ ಸಿಗೋದು ತಪ್ಪಬೇಕು ಅನ್ನೋದಷ್ಟೇ ಅವರ ಸಮಸ್ಯೆಯಾಗಿತ್ತು. ಅದಕ್ಕೆ ಹಕ್ಕು ನೋಂದಾಯಿಸಿ ಕಂಪನಿಯನ್ನೂ ಕಟ್ಟಿದರು. ಅವರ ಹೆಸರಿನ ಪೇಪರ್ ಇವತ್ತಿಗೂ ಮಾರುಕಟ್ಟೆಯಲ್ಲಿದೆ.

1941ರಲ್ಲಿ ರಸಾಯನಶಾಸ್ತ್ರಜ್ಞ ಪೀಟರ್ ಶ್ಲುಂಬೋಮ್ ಅಮೆರಿಕದಲ್ಲಿ ಕೆಮೆಕ್ಸ್ ರೂಪಿಸಿದರು. ನಮ್ಮ ಕೆಮಿಸ್ಟ್ರಿ ಲ್ಯಾಬಿನ ಫನಲ್ಲನ್ನೂ ಶಂಕುವಿನಾಕಾರದ ಫ್ಲಾಸ್ಕನ್ನೂ ಒಂದಕ್ಕೊಂದು ಬೆಸೆದ ಹಾಗಿರುತ್ತೆ ಅದು. ಇಂದು ಕೆಫೆಗಳಲ್ಲಿ ಹೆಚ್ಚು ಕಾಣುವ ವಿ60 ಮಾಡುವ ಜಪಾನಿನ ಹರಿಯೋ ಕಂಪನಿ ಕೂಡ 1921ರಲ್ಲಿ ಲ್ಯಾಬಿನ ಗಾಜಿನ ಸಾಮಾನು ಮಾಡುತ್ತಾ ಶುರುವಾದದ್ದು. ಅಂದರೆ ಈ ಸಾಧನ ಮೂಲದಲ್ಲಿ ಒಂದು ಫಿಲ್ಟ್ರೇಶನ್ ಪ್ರಯೋಗ. ಹಾಗಂದ ಮೇಲೆ ನಮಗೆ ಇದು ಹೊಸದೇನಲ್ಲ.

ಡಾರ್ಸಿ ಮತ್ತು ತೆಂಗಿನ ಪಾತಿ

ಸಿವಿಲ್‌ನವರು ಓದಿರ್ತೀರಿ. ಫ್ರಾನ್ಸಿನ ಎಂಜಿನಿಯರ್ ಹೆನ್ರಿ ಡಾರ್ಸಿ 1856ರಲ್ಲಿ ಮರಳಿನ ಪದರದ ಮೂಲಕ ನೀರು ಹರಿಯುವ ನಿಯಮ ಕೊಟ್ಟರು. ಹರಿವು ಎಷ್ಟು ಅನ್ನೋದು ನಾಲ್ಕು ಸಂಗತಿ ಮೇಲೆ ನಿಂತಿದೆ: ಪದರ ಎಷ್ಟು ಸಲೀಸಾಗಿ ನೀರು ಬಿಡುತ್ತೆ, ಅದರ ಅಡ್ಡ ವಿಸ್ತೀರ್ಣ, ಮೇಲೆ ನಿಂತ ನೀರಿನ ಎತ್ತರ, ಪದರದ ದಪ್ಪ. ಮೊದಲ ಮೂರು ಹೆಚ್ಚಿದರೆ ಹರಿವು ಹೆಚ್ಚುತ್ತೆ, ದಪ್ಪ ಹೆಚ್ಚಿದರೆ ತಗ್ಗುತ್ತೆ. ಡ್ರಿಪ್ಪರಿನಲ್ಲಿ ಆ ಪದರವೇ ಕಾಫಿಪುಡಿ.

ಇದರಲ್ಲಿ ದೊಡ್ಡ ಆಟ ಆಡೋದು ಪುಡಿಯ ಗಾತ್ರ. ಪದರದ ಒಳಹರಿವಿನ ಗುಣ ಕಣದ ವ್ಯಾಸದ ವರ್ಗಕ್ಕೆ ಅನುಪಾತವಾಗಿ ಬದಲಾಗುತ್ತೆ. ಕಣದ ಗಾತ್ರ ಅರ್ಧ ಮಾಡಿದಿರೋ, ಹರಿವು ಹೆಚ್ಚೂಕಮ್ಮಿ ನಾಲ್ಕರಲ್ಲಿ ಒಂದು ಭಾಗಕ್ಕೆ ಇಳಿಯಿತು. ಮೂರು ನಿಮಿಷಕ್ಕೆ ಇಳಿಯಬೇಕಾದ ಕಾಫಿ ಹನ್ನೆರಡು ನಿಮಿಷ ತಗೊಳ್ಳುತ್ತೆ. ಸ್ಟೀಲ್ ಫಿಲ್ಟರಿನ ನುಣ್ಣನೆ ಪುಡಿಯನ್ನು ಪೇಪರಿಗೆ ಹಾಕಿದರೆ ಕಟ್ಟಿಕೊಂಡು ನಿಲ್ಲೋದು ಇದಕ್ಕೇ. ಯಾವ ದುಬಾರಿ ಡ್ರಿಪ್ಪರೂ ಇದನ್ನು ಸರಿ ಮಾಡಲ್ಲ.

ಎರಡನೆಯ ಸಂಗತಿ ನೀರು ಸಮನಾಗಿ ಹರಡೋದು. ತೆಂಗಿನ ಪಾತಿಗೆ ನೀರು ಬಿಡುವಾಗ ಪೈಪನ್ನು ಒಂದೇ ಕಡೆ ಜೋರಾಗಿ ಬಿಟ್ಟರೆ ಏನಾಗುತ್ತೆ? ಮಣ್ಣು ಕೊರೆದು ಗುಂಡಿಯಾಗುತ್ತೆ, ನೀರೆಲ್ಲ ಅಲ್ಲಿಂದಲೇ ಇಳಿಯುತ್ತೆ, ಪಾತಿಯ ಇನ್ನೊಂದು ಬದಿ ಒಣಗಿಯೇ ಇರುತ್ತೆ. ಇಲಿ ಬಿಲ ಇದ್ದರಂತೂ ಮುಗೀತು. ಪುಡಿಯ ಪದರದಲ್ಲೂ ಇದೇ ಕಥೆ. ನೀರು ಕೊರೆದುಕೊಂಡು ಹೋದ ದಾರಿಯಲ್ಲಿ ಪುಡಿ ಅತಿಯಾಗಿ ತೊಳೆದು ಕಹಿ ಬಿಡುತ್ತೆ, ಉಳಿದ ಕಡೆ ಪುಡಿ ಸರಿಯಾಗಿ ನೆನೆಯದೆ ಹುಳಿ ಉಳಿಯುತ್ತೆ. ಒಂದೇ ಲೋಟದಲ್ಲಿ ಕಹಿಯೂ ಹುಳಿಯೂ ಒಟ್ಟಿಗೆ ಸಿಕ್ಕಿದರೆ ಕಾರಣ ಹೆಚ್ಚಾಗಿ ಇದೇ. ಡ್ರಿಪ್ಪರಿನ ಆಕಾರಕ್ಕೂ ಹೊಸಬರ ಕೈಗೂ ಇರುವ ಸಂಬಂಧ ಶುರುವಾಗೋದು ಇಲ್ಲಿಂದ.

ನಾಲ್ಕು ಆಕಾರ

ಕೋನ್, ದೊಡ್ಡ ತೂತು: ವಿ60 ಈ ಜಾತಿ. ಹೆಸರಲ್ಲೇ ಇದೆ, ವಿ ಆಕಾರ, 60 ಡಿಗ್ರಿ ಕೋನ. ತಳದಲ್ಲಿ ಒಂದೇ ದೊಡ್ಡ ತೂತು, ಒಳಗೋಡೆಯಲ್ಲಿ ಸುರುಳಿ ಏಣುಗಳು. ತೂತು ನೀರನ್ನು ತಡೆಯೋದೇ ಇಲ್ಲ. ವೇಗ ಎಲ್ಲ ಪುಡಿಯ ಗಾತ್ರ ಮತ್ತು ನಿಮ್ಮ ಕೈಯ ಮೇಲೆ. ನಡುವೆ ಪದರ ದಪ್ಪ, ಅಂಚಿನಲ್ಲಿ ತೆಳು. ಕೈ ಪಳಗಿದವರಿಗೆ ಇದು ಸ್ವಾತಂತ್ರ್ಯ, ಹೊಸಬರಿಗೆ ಪ್ರತಿದಿನ ಒಂದೊಂದು ರುಚಿ.

ಟ್ರೆಪೀಜಿಯಂ, ಸಣ್ಣ ತೂತು: ಮೆಲಿಟ್ಟಾ ಮಾದರಿ. ತಳ ಗೆರೆಯ ಹಾಗೆ ಕಿರಿದು, ತೂತು ಚಿಕ್ಕದು. ನೀವು ಅವಸರದಲ್ಲಿ ಸುರಿದರೂ ಅದು ತನ್ನ ವೇಗದಲ್ಲೇ ಬಿಡುತ್ತೆ, ತೂಬಿನ ಬಾಯಿ ಕಿರಿದಾಗಿದ್ದರೆ ಕೆರೆ ತುಂಬಿದರೂ ನಾಲೆ ಉಕ್ಕದ ಹಾಗೆ. ಪೇಪರೂ ಹೆಚ್ಚು ಕಡೆ ಸಿಗುತ್ತೆ.

ಚಪ್ಪಟೆ ತಳ: ಕಲೀಟಾ ಕಂಪನಿಯ ವೇವ್ ಈ ಬಗೆಯದು. ಚಪ್ಪಟೆ ತಳದಲ್ಲಿ ಮೂರು ಸಣ್ಣ ತೂತು, ಅಲೆ ಅಲೆಯಾದ ಪೇಪರ್. ಪುಡಿಯ ಪದರ ಎಲ್ಲ ಕಡೆ ಒಂದೇ ದಪ್ಪ ಇರೋದರಿಂದ ನೀರು ಸಮನಾಗಿ ಇಳಿಯೋದು ಸುಲಭ. ರುಚಿಯಲ್ಲಿ ಸ್ಥಿರತೆ ಬೇಕು ಅನ್ನುವವರಿಗೆ ಒಳ್ಳೆಯದು. ಆದರೆ ಆ ಅಲೆಯ ಪೇಪರೇ ಬೇಕಾಗುತ್ತೆ ಅನ್ನೋದು ನೆನಪಿರಲಿ.

ವಾಲ್ವ್ ಇರುವುದು: ತೈವಾನಿನ ಕ್ಲೆವರ್ ಡ್ರಿಪ್ಪರ್ ಇದಕ್ಕೆ ಉದಾಹರಣೆ. ನೀರು, ಪುಡಿ ಎರಡನ್ನೂ ಹಾಕಿ ಬಿಟ್ಟರೆ ಒಳಗೇ ನೆನೆಯುತ್ತೆ. ಲೋಟದ ಮೇಲೆ ಇಟ್ಟ ಕೂಡಲೇ ವಾಲ್ವ್ ತೆರೆದು ಸೋಸಿ ಇಳಿಯುತ್ತೆ. ಪುಡಿಯೆಲ್ಲ ನೀರಲ್ಲೇ ಮುಳುಗಿರುವುದರಿಂದ ಸುರಿಯುವ ಕೈಚಳಕದ ಪ್ರಶ್ನೆಯೇ ಹೆಚ್ಚುಕಡಿಮೆ ಇಲ್ಲ. ಬೆಳಿಗ್ಗೆ ಎಂಟರ ಕ್ಲಾಸಿಗೆ ಓಡುವವರಿಗೆ ನಾವು ಹೇಳೋದು ಇದನ್ನೇ.

ಪಿಂಗಾಣಿಯೋ ಪ್ಲಾಸ್ಟಿಕ್ಕೋ: ಒಂದು ಸಣ್ಣ ಲೆಕ್ಕ

ದುಬಾರಿ ಅಂದರೆ ಉತ್ತಮ ಅನ್ನುವ ನಂಬಿಕೆಯನ್ನು ಇಲ್ಲಿ ಲೆಕ್ಕ ಹಾಕಿ ನೋಡೋಣ. 300 ಗ್ರಾಂ ತೂಕದ ಪಿಂಗಾಣಿ ಡ್ರಿಪ್ಪರ್ ಅಂತಿಟ್ಟುಕೊಳ್ಳಿ. ಪಿಂಗಾಣಿಯ ವಿಶಿಷ್ಟೋಷ್ಣ ಗ್ರಾಮಿಗೆ, ಡಿಗ್ರಿಗೆ ಸುಮಾರು 0.9 ಜೂಲ್. ಅದು 27 ಡಿಗ್ರಿಯಿಂದ 87 ಡಿಗ್ರಿಗೆ ಏರಬೇಕಾದರೆ 300 × 0.9 × 60, ಅಂದರೆ 16,200 ಜೂಲ್ ಶಾಖ ಬೇಕು. ಅದೆಲ್ಲ ಬರಬೇಕಾದ್ದು ನೀವು ಸುರಿಯುವ ನೀರಿನಿಂದ. 240 ಗ್ರಾಂ ನೀರು ಒಂದು ಡಿಗ್ರಿ ತಣ್ಣಗಾದರೆ ಬಿಡೋದು 240 × 4.2, ಸುಮಾರು 1,008 ಜೂಲ್. ಭಾಗಿಸಿ ನೋಡಿ: 16 ಡಿಗ್ರಿ! ಇದು ಗರಿಷ್ಠ ಲೆಕ್ಕ. ಮೂರು ನಿಮಿಷದಲ್ಲಿ ಪಿಂಗಾಣಿ ಪೂರ್ತಿ ಕಾಯೋದಿಲ್ಲ, ನಿಜವಾದ ನಷ್ಟ ಇದಕ್ಕಿಂತ ಕಡಿಮೆ. ಆದರೂ ದಿಕ್ಕು ಗೊತ್ತಾಯಿತಲ್ಲ? ಪಿಂಗಾಣಿಯನ್ನು ಮೊದಲೇ ಬಿಸಿನೀರಲ್ಲಿ ಚೆನ್ನಾಗಿ ಕಾಯಿಸದೆ ಬಳಸಿದರೆ ಕಾಫಿ ಸಪ್ಪೆಯಾಗಿ, ಹುಳಿಯಾಗಿ ಇಳಿಯುತ್ತೆ.

ಪ್ಲಾಸ್ಟಿಕ್ ಹಗುರ. ಶಾಖವನ್ನು ಹಾಯಿಸುವುದರಲ್ಲಿ ಪಿಂಗಾಣಿಗಿಂತ ಹಲವು ಪಟ್ಟು ಸೋಮಾರಿ. ಆದ್ದರಿಂದ ನೀರಿನ ಶಾಖ ನೀರಲ್ಲೇ ಉಳಿಯುತ್ತೆ. ಅಂದರೆ ಇಡೀ ಸಾಲಿನಲ್ಲಿ ಅಗ್ಗವಾದದ್ದೇ ಶಾಖದ ದೃಷ್ಟಿಯಿಂದ ಒಳ್ಳೆಯದು. ಹಾಸ್ಟೆಲಿನಲ್ಲಿ ಕೈ ಜಾರಿ ಬಿದ್ದರೂ ಒಡೆಯಲ್ಲ. ಬಿಸಿನೀರಿಗೆ ತಕ್ಕ ಆಹಾರ ದರ್ಜೆಯ ಪ್ಲಾಸ್ಟಿಕ್ ಅಂತ ಬರೆದಿದೆಯೇ ಅಂತ ಮಾತ್ರ ನೋಡಿಕೊಳ್ಳಿ. ಪಿಂಗಾಣಿ ಚೆಂದ, ಅದನ್ನು ಕೆಲಸ ಸಿಕ್ಕ ಮೇಲೆ ತಗೊಂಡರಾಯಿತು.

ಡ್ರಿಪ್ಪರಿಗಿಂತ ಪೇಪರ್ ದುಬಾರಿ

ಯಾರೂ ಮೊದಲೇ ಹೇಳದ ಲೆಕ್ಕ ಇದು. ಡ್ರಿಪ್ಪರ್ ಒಂದೇ ಸಲದ ಖರ್ಚು, ಪೇಪರ್ ದಿನದ ಖರ್ಚು. ಒಂದು ಪೇಪರಿಗೆ 4 ರೂಪಾಯಿ ಬಿತ್ತು ಅಂತಿಟ್ಟುಕೊಳ್ಳಿ. ವರ್ಷಕ್ಕೆ 300 ದಿನ, ದಿನಕ್ಕೊಂದು ಲೋಟ ಅಂದರೂ 1,200 ರೂಪಾಯಿ. ದಿನಕ್ಕೆರಡು ಅಂದರೆ 2,400. ಆದ್ದರಿಂದ ಡ್ರಿಪ್ಪರಿನ ಬೆಲೆ ನೋಡುವ ಮುಂಚೆ ಅದರ ಪೇಪರಿನ ಪ್ಯಾಕ್ ಎಷ್ಟು, ಅದರಲ್ಲಿ ಎಷ್ಟು ಹಾಳೆ, ಒಂದಕ್ಕೆ ಎಷ್ಟು ಬಿತ್ತು ಅಂತ ಭಾಗಿಸಿ. ಅದು ನಮ್ಮೂರ ದಿನಸಿ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ ಸಾಮಾನಲ್ಲ, ತರಿಸಬೇಕು. ವಿಚಿತ್ರ ಆಕಾರದ ಡ್ರಿಪ್ಪರ್ ಕೊಂಡರೆ ಪೇಪರ್ ಮುಗಿದ ದಿನ ಅದು ಪೆನ್ ಸ್ಟ್ಯಾಂಡ್ ಆಗುತ್ತೆ.

ಸ್ಟೀಲ್ ಜಾಲರಿ ತಗೊಂಡರೆ ಈ ಖರ್ಚಿಲ್ಲ. ಆದರೆ ಜಾಲರಿ ಸಣ್ಣ ಕಣಗಳನ್ನೂ ಕಾಫಿಯ ಎಣ್ಣೆಯನ್ನೂ ಲೋಟಕ್ಕೆ ಬಿಡುತ್ತೆ. ರುಚಿ ದಪ್ಪ, ತಳದಲ್ಲಿ ಗಸಿ. ಆ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಏರಿಸುವ ಕೆಫೆಸ್ಟಾಲ್ ಎಂಬ ಅಂಶ ಇರುತ್ತೆ, ಪೇಪರ್ ಅದರ ಬಹುಪಾಲನ್ನು ಹಿಡಿದಿಟ್ಟುಕೊಳ್ಳುತ್ತೆ. ನಡುವಿನ ದಾರಿ ನಮ್ಮ ಹಳೆಯ ದಾರಿಯೇ, ಅಂದರೆ ಬಟ್ಟೆ. ಗಂಜಿ ಹೋಗುವ ಹಾಗೆ ಕುದಿಸಿ ತೊಳೆದ ಒತ್ತಾದ ಹತ್ತಿ ಬಟ್ಟೆಯನ್ನು ಕೋನಿನ ಆಕಾರಕ್ಕೆ ಹೊಲಿದುಕೊಂಡರೆ ತಿಂಗಳುಗಟ್ಟಲೆ ಬರುತ್ತೆ. ಸೋಪು ಮಾತ್ರ ಹಾಕಬೇಡಿ, ಅದರ ವಾಸನೆ ಕಾಫಿಗೆ ಬರುತ್ತೆ. ಬಳಸಿದ ಕೂಡಲೇ ಬಿಸಿನೀರಲ್ಲಿ ಜಾಲಾಡಿ, ವಾರಕ್ಕೊಮ್ಮೆ ಕುದಿಸಿ. ಹಳೆ ಎಣ್ಣೆಯ ಮುಗ್ಗಲು ವಾಸನೆ ಬಂದರೆ ಬಟ್ಟೆ ಬದಲಿಸಿ.

ಕರಟದ ಮೂರು ಕಣ್ಣು

ಮೂರು ತೂತಿನ ಡ್ರಿಪ್ಪರ್ ಅಂದ ಕೂಡಲೇ ತೆಂಗಿನ ಸೀಮೆಯವರಿಗೆ ಇನ್ನೊಂದು ನೆನಪಾಗಬೇಕು. ಕಣ್ಣಿನ ಕಡೆಯ ಅರ್ಧ ಕರಟ! ಮೂರು ಕಣ್ಣಲ್ಲಿ ಒಂದು ಮೆತ್ತಗಿರುತ್ತೆ, ಮೊಳಕೆ ಬರುವುದೇ ಅದರಿಂದ. ಅದನ್ನು ಮೊಳೆಯಿಂದ ಚುಚ್ಚಿದರೆ ಸಾಕು. ಉಳಿದ ಎರಡಕ್ಕೆ ಸಣ್ಣ ಡ್ರಿಲ್ ಬೇಕು. ಒಳಗೆ ಹೊರಗೆ ಉಜ್ಜಿ ನಯ ಮಾಡಿ, ವಾರ್ನಿಶ್ ಹಚ್ಚದೆ, ನಾಲ್ಕೈದು ಸಲ ನೀರು ಬದಲಿಸಿ ಕುದಿಸಿದರೆ ಬಟ್ಟೆ ಹಾಸಿ ಕಾಫಿ ಇಳಿಸಲು ಅಡ್ಡಿಯಿಲ್ಲ.

ಇದು ಕೆಲಸ ಮಾಡುತ್ತೆ, ಆದರೆ ನಿಧಾನ. ಯಾಕೆ ಅನ್ನೋದರಲ್ಲೇ ಪಾಠ ಇದೆ. ಒದ್ದೆ ಬಟ್ಟೆ ಕರಟದ ನಯವಾದ ಗೋಡೆಗೆ ಅಂಟಿಕೊಂಡುಬಿಡುತ್ತೆ. ಗೋಡೆಯುದ್ದಕ್ಕೂ ನೀರು ಸೋಸಿ ಇಳಿಯಲು ಜಾಗ ಇಲ್ಲ, ಎಲ್ಲ ನೀರೂ ತಳದ ಮೂರು ಕಣ್ಣಿಗೇ ಬರಬೇಕು. ಕೊಳ್ಳುವ ಡ್ರಿಪ್ಪರುಗಳ ಒಳಗೋಡೆಯಲ್ಲಿ ಏಣು ಇಡೋದು ಇದಕ್ಕೇ. ಏಣು ಪೇಪರನ್ನು ಗೋಡೆಯಿಂದ ದೂರ ಹಿಡಿಯುತ್ತೆ, ನಡುವೆ ನೀರಿಗೂ ಗಾಳಿಗೂ ದಾರಿ ಸಿಗುತ್ತೆ. ಅಂಗಡಿಯಲ್ಲಿ ಅಥವಾ ಫೋಟೋದಲ್ಲಿ ಡ್ರಿಪ್ಪರ್ ನೋಡುವಾಗ ಬಣ್ಣ ಬಿಟ್ಟು ಈ ಏಣುಗಳನ್ನು ನೋಡಿ. ಎತ್ತರವಾಗಿ, ಮೇಲಿನಿಂದ ತಳದವರೆಗೂ ಇದ್ದರೆ ಹರಿವು ಸಲೀಸು. ಮೆಕ್ಯಾನಿಕಲ್‌ನವರು ಯಾರಾದರೂ ಕರಟದೊಳಗೆ ಏಣು ಕೆತ್ತುವ ದಾರಿ ಹುಡುಕಿದರೆ ನಮ್ಮ ಊರಿನದೇ ಒಂದು ಡ್ರಿಪ್ಪರ್ ಆದೀತು.

ಲೋಟದ ತುಂಬಾ ಇರೋದು ನೀರು

15 ಗ್ರಾಂ ಪುಡಿಗೆ 240 ಗ್ರಾಂ ನೀರು ಹಾಕಿದಿರಿ ಅಂದುಕೊಳ್ಳಿ. ಪುಡಿಯ ತೂಕದಲ್ಲಿ ಶೇ. 18ರಿಂದ 22ರಷ್ಟು ಕರಗಿ ಬಂದರೆ ರುಚಿ ಹದ ಅನ್ನೋದು ಎಂಐಟಿಯ ಅರ್ನೆಸ್ಟ್ ಲಾಕ್‌ಹಾರ್ಟ್ 1950ರ ದಶಕದಲ್ಲಿ ಮಾಡಿದ ಕೆಲಸದಿಂದ ಬಂದ ಅಳತೆ. ಶೇ. 20 ಅಂದರೆ 3 ಗ್ರಾಂ. ಪುಡಿ ತನ್ನ ಎರಡರಷ್ಟು, ಸುಮಾರು 30 ಗ್ರಾಂ ನೀರು ಕುಡಿದು ಇಟ್ಟುಕೊಳ್ಳುತ್ತೆ. ಲೋಟಕ್ಕೆ ಬರೋದು ಸುಮಾರು 210 ಗ್ರಾಂ, ಅದರಲ್ಲಿ ಕಾಫಿ ಶೇ. 1.4ರಷ್ಟು ಮಾತ್ರ. ಉಳಿದದ್ದೆಲ್ಲ ನೀರು. ಅಂದಮೇಲೆ ನೀರು ಕೆಟ್ಟರೆ ಕಾಫಿ ಕೆಟ್ಟ ಹಾಗೇ.

ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಪಾತ್ರೆಯ ತಳದ ಬಿಳಿ ಪೊರೆ, ಗೀಸರಿನ ಕಾಯಿಲಿಗೆ ಕಟ್ಟುವ ಸುಣ್ಣ ಸಾಕ್ಷಿ. ಆ ನೀರಿನ ಬೈಕಾರ್ಬೊನೇಟ್ ಕಾಫಿಯ ಆಮ್ಲಗಳನ್ನು ತಟಸ್ಥ ಮಾಡುತ್ತೆ. ಚಿಕ್ಕಮಗಳೂರಿನ ಅರೇಬಿಕಾದಲ್ಲಿ ಇರಬೇಕಾದ ಹಣ್ಣಿನಂಥ ಹುಳಿ ಸತ್ತು, ಸುಣ್ಣದ ಸಪ್ಪೆ ಉಳಿಯುತ್ತೆ. ಇತ್ತ ಶುದ್ಧ ನೀರಿನ ಘಟಕದ ಕ್ಯಾನ್ ನೀರಿನಲ್ಲಿ ಖನಿಜಾಂಶ ತೀರಾ ಕಡಿಮೆ ಇದ್ದರೆ ಕಾಫಿ ಚುರುಕಾಗಿ ಹುಳಿ, ಆದರೆ ಮೈಯೇ ಇಲ್ಲದ ಹಾಗೆ ಇಳಿಯುತ್ತೆ. ಮೂರು ಪಾಲು ಕ್ಯಾನ್ ನೀರಿಗೆ ಒಂದು ಪಾಲು ಕುಡಿಯಲು ಯೋಗ್ಯವಾದ ಗಡಸು ನೀರು ಬೆರೆಸಿ ನೋಡಿ, ಎಷ್ಟೋ ಸಲ ಅಷ್ಟೇ ಸಾಕು. ಒಂದು ಎಚ್ಚರಿಕೆ: ತುಮಕೂರು ಜಿಲ್ಲೆಯ ಕೆಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿದೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ. ಪರೀಕ್ಷೆಯಾಗದ ಬೋರಿನ ನೀರನ್ನು ರುಚಿಗಾಗಿ ಬೆರೆಸಬೇಡಿ, ಆಗ ಕ್ಯಾನ್ ನೀರೇ ಇರಲಿ.

ನಮಗೆ ಸಿಕ್ಕ ಒಂದು ಅನುಕೂಲವೂ ಇದೆ. ನಾವಿರುವುದು ಸಮುದ್ರಮಟ್ಟದಿಂದ 800 ಮೀಟರಿನ ಆಸುಪಾಸಿನಲ್ಲಿ. ಇಲ್ಲಿ ನೀರು ಕುದಿಯೋದು ಸುಮಾರು 97 ಡಿಗ್ರಿಗೆ. ಪೋರ್-ಓವರಿಗೆ ಬೇಕಾದ್ದು 90ರಿಂದ 96 ಡಿಗ್ರಿ. ಅಂದರೆ ಥರ್ಮಾಮೀಟರ್ ಬೇಡ, ಕುದಿ ಬಂದ ಮೇಲೆ ಇಳಿಸಿ ಅರ್ಧ ನಿಮಿಷ ಬಿಟ್ಟು ಸುರಿದರೆ ಸರಿಹೋಯಿತು.

ಪುಡಿ ಅಂಗಡಿಯಲ್ಲಿ ಏನು ಕೇಳಬೇಕು

ಅಂಗಡಿಯವರು ಮೊದಲು ಕೇಳೋದೇ ‘ಚಿಕೋರಿ ಎಷ್ಟು?’ ಅಂತ. ‘ಬೇಡ’ ಅನ್ನಿ. ಚಿಕೋರಿ ನೀರಲ್ಲಿ ಬೇಗ ಕರಗಿ ಬಣ್ಣ, ಕಹಿ ಕೊಡುತ್ತೆ, ಫಿಲ್ಟರ್ ಕಾಫಿಗೆ ಅದೇ ಬೇಕು. ಡ್ರಿಪ್ಪರಿನಲ್ಲಿ ಅದು ಬೀಜದ ರುಚಿಯನ್ನು ಮುಚ್ಚುತ್ತೆ. ಆಮೇಲೆ ‘ಪ್ಲಾಂಟೇಶನ್’ ಕೇಳಿ. ನಮ್ಮ ವ್ಯಾಪಾರದ ಮಾತಿನಲ್ಲಿ ತೊಳೆದು ಸಂಸ್ಕರಿಸಿದ ಅರೇಬಿಕಾಗೆ ಪ್ಲಾಂಟೇಶನ್ ಅಂತಲೂ, ತೊಳೆದ ರೊಬಸ್ಟಾಗೆ ಪಾರ್ಚ್‌ಮೆಂಟ್ ಅಂತಲೂ, ಹಣ್ಣಿನ ಸಮೇತ ಒಣಗಿಸಿದ್ದಕ್ಕೆ ಚೆರ್ರಿ ಅಂತಲೂ ಹೆಸರು. ಪೀಬೆರಿ ಅಂದರೆ ಹಣ್ಣಿನಲ್ಲಿ ಎರಡು ಬೀಜದ ಬದಲು ಒಂದೇ ಗುಂಡು ಬೀಜ ಇರೋದು. ಹುರಿದದ್ದು ತೀರಾ ಕಪ್ಪಾಗಿರದೆ ಕಂದು ಬಣ್ಣ ಇರಲಿ. ಪುಡಿ ದಪ್ಪ ರವೆಯ ಹಾಗೆ, ಬೆರಳಲ್ಲಿ ತಿಕ್ಕಿದರೆ ತರಿ ತರಿ ಅನ್ನಬೇಕು.

ಉಂಡೆ ಕೊಬ್ಬರಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟು ಹದ ಮಾಡುವವರು ನಾವು. ಕಾಫಿಪುಡಿ ಅದಕ್ಕೆ ತದ್ವಿರುದ್ಧ. ಪುಡಿ ಮಾಡಿದ ಕೂಡಲೇ ಪರಿಮಳ ಹಾರಲು ಶುರು. ಕಾಲು ಕಿಲೋ ಒಟ್ಟಿಗೆ ತಂದು ಸೆಮಿಸ್ಟರ್ ಪೂರ್ತಿ ಇಟ್ಟುಕೊಳ್ಳಬೇಡಿ, 100 ಗ್ರಾಂ ತನ್ನಿ, ಬಿಗಿ ಡಬ್ಬಿಯಲ್ಲಿಡಿ, ಒಂದೆರಡು ವಾರದಲ್ಲಿ ಮುಗಿಸಿ. ಮುಂದೆ ಕೈ ಗ್ರೈಂಡರ್ ಕೊಂಡರೆ ಆ ಹಣ ಯಾವ ಡ್ರಿಪ್ಪರಿಗಿಂತಲೂ ರುಚಿಯಲ್ಲಿ ಹೆಚ್ಚು ಕಾಣುತ್ತೆ.

ಮಾಡುವ ಕ್ರಮ

1. ಪೇಪರನ್ನು ಮಡಚಿ ಕೂರಿಸಿ, ಬಿಸಿನೀರು ಸುರಿದು ತೊಳೆಯಿರಿ. ಪೇಪರಿನ ವಾಸನೆ ಹೋಗುತ್ತೆ, ಡ್ರಿಪ್ಪರೂ ಕಾಯುತ್ತೆ. ಆ ನೀರು ಚೆಲ್ಲಿ.

2. 15 ಗ್ರಾಂ ಪುಡಿ ಹಾಕಿ, ಮೆಲ್ಲಗೆ ತಟ್ಟಿ ಸಮ ಮಾಡಿ. ಒತ್ತಬೇಡಿ, ಇದು ಸ್ಟೀಲ್ ಫಿಲ್ಟರಲ್ಲ.

3. 40 ಗ್ರಾಂ ನೀರು ಸುರಿದು ಎಲ್ಲ ಪುಡಿ ನೆನೆಯಲಿ. 40 ಸೆಕೆಂಡ್ ಕಾಯಿರಿ. ಹೊಸದಾಗಿ ಹುರಿದ ಪುಡಿಯಾದರೆ ಒಳಗಿದ್ದ ಇಂಗಾಲದ ಡೈ ಆಕ್ಸೈಡ್ ಹೊರಬಂದು ಉಬ್ಬುತ್ತೆ. ಆ ಅನಿಲ ಹೋಗದಿದ್ದರೆ ನೀರು ಒಳಗಿಳಿಯಲು ತಡೆಯಾಗುತ್ತೆ.

4. ಮಧ್ಯದಿಂದ ಸುತ್ತ ಸುತ್ತ ಸುರಿಯುತ್ತಾ 140 ಗ್ರಾಮಿಗೆ ತನ್ನಿ. ಅರ್ಧ ಇಳಿದ ಮೇಲೆ 240ಕ್ಕೆ. ಕೊಕ್ಕರೆ ಕತ್ತಿನ ಕೆಟಲ್ ಇಲ್ಲವೇ? ಮೂತಿ ಸಣ್ಣಗಿರುವ ಸ್ಟೀಲ್ ಗಿಂಡಿ ಸಾಕು. ಕಾದಿರುತ್ತೆ, ಬಟ್ಟೆಯಲ್ಲಿ ಹಿಡಿಯಿರಿ.

5. ಒಟ್ಟು ಸಮಯ ಎರಡೂವರೆಯಿಂದ ಮೂರೂವರೆ ನಿಮಿಷದೊಳಗೆ ಬರಲಿ. ಬೇಗ ಇಳಿದು ಹುಳಿಯಾದರೆ ಪುಡಿ ಇನ್ನೂ ನುಣ್ಣಗೆ, ನಿಧಾನವಾಗಿ ಇಳಿದು ಕಹಿಯಾದರೆ ಇನ್ನೂ ತರಿಯಾಗಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗಲ್ಲ.

ವಾಲ್ವ್ ಇರುವ ಡ್ರಿಪ್ಪರಾದರೆ ಇನ್ನೂ ಸರಳ. ಎಲ್ಲ ನೀರೂ ಒಟ್ಟಿಗೆ ಹಾಕಿ, ಒಮ್ಮೆ ಕಲಕಿ, ಮೂರು ನಿಮಿಷ ಮುಚ್ಚಿಡಿ, ಲೋಟದ ಮೇಲಿಡಿ. ಉಳಿದ ಚರಟ, ಪೇಪರು ಎರಡನ್ನೂ ತಿಪ್ಪೆಗೆ ಹಾಕಿದರೆ ಗೊಬ್ಬರವಾಗಿ ತೋಟಕ್ಕೇ ಹೋಗುತ್ತೆ. ಹಾಸ್ಟೆಲಿನವರು ಕೆಟಲ್ ಇಡಲು ಅನುಮತಿ ಇದೆಯಾ ಅಂತ ಮೊದಲು ವಾರ್ಡನ್ನರನ್ನು ಕೇಳಿ.

ಕೊಳ್ಳುವ ಮುಂಚೆ ಒಂದು ಪ್ರಯೋಗ

ದುಡ್ಡು ಹಾಕುವ ಮೊದಲು ನಾಲ್ಕು ಜನ ಸೇರಿ. ಒಂದು ಬಟ್ಟೆ ಸೋಸುಕ, 100 ಗ್ರಾಂ ಪ್ಲಾಂಟೇಶನ್ ಪುಡಿ, ಲ್ಯಾಬಿನದಲ್ಲದ ಒಂದು ಅಡುಗೆ ತಕ್ಕಡಿ ಸಾಕು. ಕ್ಯಾನ್ ನೀರಲ್ಲಿ ಒಂದು, ನಲ್ಲಿ ನೀರಲ್ಲಿ ಒಂದು, ಬೆರಕೆಯಲ್ಲಿ ಒಂದು, ಹೀಗೆ ಮೂರು ಲೋಟ ಮಾಡಿ. ಯಾವುದು ಯಾವ ನೀರು ಅಂತ ಒಬ್ಬರಿಗೆ ಮಾತ್ರ ಗೊತ್ತಿರಲಿ, ಉಳಿದ ಮೂವರು ಕುಡಿದು ಬರೆಯಲಿ: ಹುಳಿ ಎಷ್ಟು, ಕಹಿ ಎಷ್ಟು, ಇನ್ನೊಂದು ಗುಟುಕು ಬೇಕೆನಿಸಿತಾ? ಮೂರು ಲೋಟದ ವ್ಯತ್ಯಾಸ ನಾಲಿಗೆಗೆ ಗೊತ್ತಾಗಿ, ಹಾಲಿಲ್ಲದ ಕಾಫಿ ಮತ್ತೆ ಬೇಕು ಅನ್ನಿಸಿದರೆ ಡ್ರಿಪ್ಪರ್ ತರಿಸಿ. ಅನ್ನಿಸದಿದ್ದರೆ ಮನೆಯ ಸ್ಟೀಲ್ ಫಿಲ್ಟರ್ ಹಾಗೇ ಇದೆ, ನಾಲ್ಕು ಜನರ ದುಡ್ಡೂ ಜೇಬಲ್ಲೇ ಇದೆ.

ಪ್ರಯೋಗ ಮಾಡಿದವರು ನಿಮ್ಮ ಊರು, ನೀರಿನ ಮೂಲ, ಇಳಿದ ಸಮಯ, ಮೂವರ ಅಂಕ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಸಂಘಕ್ಕೆ ಕೊಡಿ. ತಿಪಟೂರಿನ ನೀರಿಗೂ ಹುಳಿಯಾರಿನ ನೀರಿಗೂ, ಹೇಮಾವತಿ ನಾಲೆಯ ಪಕ್ಕದ ಊರಿಗೂ ಬೋರೇ ಗತಿಯಾದ ಊರಿಗೂ ಕಾಫಿ ಎಷ್ಟು ಬದಲಾಗುತ್ತೆ ಅಂತ ಒಟ್ಟುಗೂಡಿಸಿ ಮುಂದಿನ ಸಂಚಿಕೆಯಲ್ಲಿ ಹಾಕೋಣ.